ಜರ್ಮನಿಗೆ ಓದಲು ಹೊರಟವರಿಗೆ: ರೂಮು ಹುಡುಕುವುದರಿಂದ ಖಾಲಿ ಮಾಡುವವರೆಗೆ

ಆಗಸ್ಟ್ ಮುಗಿಯುತ್ತಿದ್ದಂತೆ ಮೆಸೇಜುಗಳು ಶುರುವಾಗುತ್ತವೆ. "ಅಡ್ಮಿಷನ್ ಆಯ್ತು, ವೀಸಾನೂ ಬಂತು, ರೂಮು ಮಾತ್ರ ಸಿಕ್ಕಿಲ್ಲ. ಅಲ್ಲಿಗೆ ಬಂದು ಹುಡುಕಿಕೊಂಡರೆ ಆಗಲ್ವಾ?" ಬಂದು ಹುಡುಕಬಹುದು. ಆದರೆ ಬಂದ ಮೇಲೆಯೇ ಶುರು ಮಾಡುತ್ತೇನೆ ಅಂದರೆ ಕಷ್ಟ. ಅಕ್ಟೋಬರ್ 1ಕ್ಕೆ ವಿಂಟರ್ ಸೆಮಿಸ್ಟರ್ ಶುರು. ಆ ಹೊತ್ತಿಗೆ ಊರಿಗೆ ಊರೇ ರೂಮು ಹುಡುಕುತ್ತಿರುತ್ತದೆ, ಜರ್ಮನ್ ಹುಡುಗರೂ ಸೇರಿ.

ಇಲ್ಲಿ ಎಲ್ಲ ಕಾಗದಪತ್ರವೂ ಮನೆ ವಿಳಾಸದಿಂದಲೇ ಶುರುವಾಗುತ್ತದೆ. ವಿಳಾಸ ನೋಂದಣಿ (ಊರಿನ ಆಡಳಿತ ಕಚೇರಿಯಲ್ಲಿ ನಿಮ್ಮ ವಿಳಾಸ ಬರೆಸುವುದು) ಆಗದೆ ತೆರಿಗೆ ನಂಬರ್ ಬರುವುದಿಲ್ಲ. ಆ ನಂಬರ್ ಇಲ್ಲದಿದ್ದರೆ ಪಾರ್ಟ್‌ಟೈಮ್ ಕೆಲಸದ ಸಂಬಳದಲ್ಲಿ ಜಾಸ್ತಿ ತೆರಿಗೆ ಹಿಡಿಯುತ್ತಾರೆ. ರೆಸಿಡೆನ್ಸ್ ಪರ್ಮಿಟ್ಟಿಗೂ ಆ ನೋಂದಣಿ ಬೇಕು. ಹಾಗಾಗಿ ನೀವು ಹುಡುಕಬೇಕಾದದ್ದು ನೋಂದಣಿ ಮಾಡಿಸಲು ಬಿಡುವಂಥ ರೂಮು. ಕೆಳಗಿನ ಎಲ್ಲ ಹಂತಗಳಲ್ಲೂ ಇದೊಂದನ್ನು ನೆನಪಿಟ್ಟುಕೊಳ್ಳಿ.

1. ಮೊದಲು ದುಡ್ಡಿನ ಲೆಕ್ಕ

ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟ್‌ನಲ್ಲಿ ದುಡ್ಡು ಇಟ್ಟಿರುತ್ತೀರಿ. 2024ರ ಸೆಪ್ಟೆಂಬರ್‌ನಿಂದ ಇದು ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992. ಅದು ನಿಮ್ಮದೇ ದುಡ್ಡು, ಆದರೆ ತಿಂಗಳಿಗೆ ಇಷ್ಟೇ ಅಂತ ಕೈಗೆ ಬರುತ್ತದೆ. ಅದೂ ನೀವು ಅಲ್ಲಿಗೆ ತಲುಪಿ, ಬ್ಯಾಂಕ್ ಖಾತೆ ತೆರೆದು, ಅಕೌಂಟ್ ಆಕ್ಟಿವೇಟ್ ಮಾಡಿಸಿದ ಮೇಲೆ. ಬಹಳ ಜನ ಮುಗ್ಗರಿಸುವುದು ಇಲ್ಲೇ. ಮೊದಲ ತಿಂಗಳ ಬಾಡಿಗೆ, ಅಡ್ವಾನ್ಸು, ಕೆಲವು ದಿನದ ಹಾಸ್ಟೆಲ್ ಖರ್ಚು ಇವಕ್ಕೆಲ್ಲ ಬೇರೆ ದುಡ್ಡು ಇಟ್ಟುಕೊಂಡೇ ವಿಮಾನ ಹತ್ತಿ.

ಜಾಹೀರಾತಿನಲ್ಲಿ ಎರಡು ಬಾಡಿಗೆ ಕಾಣುತ್ತವೆ. ಕಾಲ್ಟ್‌ಮೀಟೆ ಅಂದರೆ ಬರೀ ಜಾಗದ ಬಾಡಿಗೆ. ವಾರ್ಮ್‌ಮೀಟೆ ಅಂದರೆ ಅದಕ್ಕೆ ಹೀಟಿಂಗ್, ನೀರು, ಕಸ, ಮೆಟ್ಟಿಲು ಗುಡಿಸುವ ಖರ್ಚು ಎಲ್ಲ ಸೇರಿದ್ದು. ನಿಮ್ಮ ಲೆಕ್ಕಕ್ಕೆ ಬೇಕಿರುವುದು ಎರಡನೆಯದು. ಅದರಲ್ಲೂ ಕರೆಂಟು, ಇಂಟರ್‌ನೆಟ್ ಸೇರಿದೆಯಾ ಅಂತ ಬಿಡಿಸಿ ಕೇಳಿ. ಶೇರ್ ಮಾಡುವ ಮನೆಗಳಲ್ಲಿ ಸಾಮಾನ್ಯವಾಗಿ ಸೇರಿರುತ್ತದೆ, ಒಂಟಿ ಫ್ಲ್ಯಾಟ್‌ಗಳಲ್ಲಿ ಬಹಳ ಸಲ ಇರುವುದಿಲ್ಲ.

ನಮ್ಮ 1 ಬಿಎಚ್‌ಕೆ ಲೆಕ್ಕ ಇಲ್ಲಿ ನಡೆಯುವುದಿಲ್ಲ. 1 ತ್ಸಿಮ್ಮರ್ ಅಂದರೆ ಒಟ್ಟಾರೆ ಒಂದೇ ರೂಮು. ಹಾಲ್ ಮತ್ತು ಬೆಡ್‌ರೂಮ್ ಬೇರೆ ಬೇರೆ ಬೇಕಿದ್ದರೆ ಅದು 2 ತ್ಸಿಮ್ಮರ್. ಇನ್ನೊಂದು ವಿಚಾರ ಕೇಳಿದರೆ ಅಮ್ಮಂದಿರು ನಂಬುವುದೇ ಇಲ್ಲ: ಪೀಠೋಪಕರಣ ಇಲ್ಲದ ಫ್ಲ್ಯಾಟ್ ಅಂದರೆ ಎಷ್ಟೋ ಸಲ ಅಡುಗೆಮನೆಯೂ ಇರುವುದಿಲ್ಲ. ಸಿಂಕು, ಒಲೆ, ಕಪಾಟು ಎಲ್ಲವನ್ನೂ ಹಳೇ ಬಾಡಿಗೆದಾರ ಬಿಚ್ಚಿಕೊಂಡು ಹೋಗಿರುತ್ತಾನೆ. ಹಾಗಾಗಿ ಮ್ಯೋಬ್ಲೀರ್ಟ್ (ಪೀಠೋಪಕರಣ ಇರುವ) ಅನ್ನುವ ಪದ ಇರುವ ಜಾಹೀರಾತನ್ನೇ ನೋಡಿ.

ಊರಿನ ಮೇಲೂ ಬಹಳ ನಿಂತಿದೆ. ಮ್ಯೂನಿಕ್‌ನಲ್ಲಿ ಶೇರಿಂಗ್ ಮನೆಯ ಒಂದು ರೂಮಿಗೆ 700-800 ಯೂರೋ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಕೆಮ್ನಿಟ್ಸ್, ಮಾಗ್ಡೆಬುರ್ಗ್, ಇಲ್ಮೆನೌ ಕಡೆ ಅದರ ಅರ್ಧದಲ್ಲಿ ಒಳ್ಳೆಯ ರೂಮೇ ಸಿಗಬಹುದು. ಎರಡು ಯೂನಿವರ್ಸಿಟಿಗಳ ನಡುವೆ ಇನ್ನೂ ತೀರ್ಮಾನ ಮಾಡಿಲ್ಲ ಅಂದರೆ ಇದನ್ನೂ ತೂಗಿ ನೋಡಿ. ರ‍್ಯಾಂಕಿಂಗ್ ಪಟ್ಟಿಯಲ್ಲಿ ಬಾಡಿಗೆ ಬರೆದಿರುವುದಿಲ್ಲ.

2. ಸರ್ಕಾರಿ ಹಾಸ್ಟೆಲ್‌ಗೆ ಇವತ್ತೇ ಅರ್ಜಿ ಹಾಕಿ

ಜರ್ಮನಿಯಲ್ಲಿ ವಿದ್ಯಾರ್ಥಿಗಳ ಊಟ, ವಸತಿ ನೋಡಿಕೊಳ್ಳಲು ಸ್ಟುಡೀರೆಂಡನ್‌ವೆರ್ಕ್ ಅನ್ನುವ ಸಂಸ್ಥೆಗಳಿವೆ. ದೇಶದಲ್ಲಿ ಒಟ್ಟು 57. ಯೂನಿವರ್ಸಿಟಿಯ ಕ್ಯಾಂಟೀನ್ ನಡೆಸುವವರೂ ಇವರೇ. ಇವರ ಹಾಸ್ಟೆಲ್ ರೂಮು ಸಾಮಾನ್ಯವಾಗಿ 250ರಿಂದ 400 ಯೂರೋ ಆಸುಪಾಸಿನಲ್ಲಿರುತ್ತದೆ, ಎಲ್ಲ ಖರ್ಚೂ ಸೇರಿ. ಮೋಸದ ಭಯವಿಲ್ಲ, ನೋಂದಣಿಗೂ ತಕರಾರಿಲ್ಲ.

ತೊಂದರೆ ಒಂದೇ: ಸರದಿ. ಮ್ಯೂನಿಕ್‌ನಂಥ ಊರಲ್ಲಿ ಅದು ಕೆಲವು ಸೆಮಿಸ್ಟರ್‌ಗಳಷ್ಟು ಉದ್ದ. ಅಡ್ಮಿಷನ್ ಪತ್ರ ಬರುವ ಮೊದಲೇ ಅರ್ಜಿ ಹಾಕಲು ಕೆಲವು ಕಡೆ ಬಿಡುತ್ತಾರೆ, ಕೆಲವು ಕಡೆ ಇಲ್ಲ. ನಿಮ್ಮ ಊರಿನ ಸಂಸ್ಥೆಯ ನಿಯಮ ಓದಿ. ಯೂನಿವರ್ಸಿಟಿಗೆ ಸೇರಿದ ಮೇಲೆ ಹಾಸ್ಟೆಲ್ ತಾನಾಗಿಯೇ ಸಿಗುತ್ತದೆ ಅಂದುಕೊಳ್ಳಬೇಡಿ. ಎರಡೂ ಬೇರೆ ಬೇರೆ ಸಂಸ್ಥೆ, ಬೇರೆ ಬೇರೆ ಅರ್ಜಿ.

ಸರದಿಯಲ್ಲಿದ್ದವರಿಗೆ ಆಗಾಗ "ಇನ್ನೂ ಆಸಕ್ತಿ ಇದೆಯಾ?" ಅಂತ ಮೇಲ್ ಬರುತ್ತದೆ. ಅದಕ್ಕೆ ಹೇಳಿದ ದಿನದೊಳಗೆ ಉತ್ತರ ಕೊಡದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಸ್ಪ್ಯಾಮ್ ಫೋಲ್ಡರ್ ನೋಡುತ್ತಿರಿ. ಚರ್ಚ್ ಸಂಸ್ಥೆಗಳು ನಡೆಸುವ ಹಾಸ್ಟೆಲ್‌ಗಳೂ ಇವೆ. ಎಷ್ಟೋ ಕಡೆ ಬೇರೆ ಧರ್ಮದವರನ್ನೂ ಸೇರಿಸಿಕೊಳ್ಳುತ್ತಾರೆ, ಅಲ್ಲೂ ಕೇಳಿ.

3. ವೇಗೇ ಹುಡುಕಾಟ

ವೇಗೇ ಅಂದರೆ ನಾಲ್ಕಾರು ಜನ ಸೇರಿ ಹಂಚಿಕೊಳ್ಳುವ ಮನೆ. ಒಬ್ಬೊಬ್ಬರಿಗೆ ಒಂದೊಂದು ರೂಮು, ಅಡುಗೆಮನೆ ಬಚ್ಚಲು ಎಲ್ಲರಿಗೂ ಸೇರಿದ್ದು. ನಮ್ಮ ಪಿಜಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಹೊಸಬರನ್ನು ಆರಿಸುವುದು ಮನೆಯಲ್ಲಿ ಆಗಲೇ ಇರುವ ಹುಡುಗ ಹುಡುಗಿಯರು. ಅವರಿಗೆ ಬಾಡಿಗೆ ಕಟ್ಟುವವನಷ್ಟೇ ಸಾಲದು, ಜೊತೆಗಿರಬಲ್ಲವನೂ ಬೇಕು.

ವೇಗೇ-ಗೆಜೂಖ್ಟ್ (WG-Gesucht) ಅನ್ನುವ ರೂಮು ಹುಡುಕುವ ಸೈಟಿನಲ್ಲಿ ಒಂದು ಒಳ್ಳೆಯ ರೂಮಿಗೆ ಒಂದೇ ದಿನದಲ್ಲಿ ರಾಶಿ ಮೆಸೇಜು ಬೀಳುತ್ತವೆ. "ಡಿಯರ್ ಸರ್, ಐ ಆಮ್ ಇಂಟರೆಸ್ಟೆಡ್, ಪ್ಲೀಸ್ ಕನ್ಫರ್ಮ್" ಅಂತ ಬರೆದರೆ ಯಾರೂ ತೆರೆದೂ ನೋಡುವುದಿಲ್ಲ. ಹೀಗೆ ಮಾಡಿ:

ಜಾಹೀರಾತನ್ನು ಪೂರ್ತಿ ಓದಿ. ಬಹಳ ಜನ ನಡುವೆ ಎಲ್ಲೋ ಒಂದು ಸಣ್ಣ ಪ್ರಶ್ನೆಯನ್ನೋ ಗುಟ್ಟಿನ ಪದವನ್ನೋ ಇಟ್ಟಿರುತ್ತಾರೆ. ಅದಕ್ಕೆ ಉತ್ತರಿಸಿದವರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅಲ್ಲಿ ಹೆಸರಿರುವವರನ್ನು ಹೆಸರು ಹಿಡಿದೇ ಮಾತಾಡಿಸಿ. ಮೆಸೇಜು ಜರ್ಮನ್‌ನಲ್ಲಿರಲಿ, ಭಾಷೆ ಅರೆಬರೆ ಆದರೂ ಪರವಾಗಿಲ್ಲ. ಏನು ಓದುತ್ತೀರಿ, ಯಾವಾಗಿನಿಂದ ಎಷ್ಟು ದಿನಕ್ಕೆ ಬೇಕು, ಸಂಜೆ ಹೊತ್ತು ಏನು ಮಾಡುತ್ತೀರಿ ಅನ್ನುವುದನ್ನು ಎಂಟು ಹತ್ತು ಸಾಲಲ್ಲಿ ಬರೆಯಿರಿ. "ಭಾನುವಾರ ದೋಸೆ ಮಾಡುತ್ತೇನೆ, ಮನೆಯವರಿಗೂ ಹಾಕಿಕೊಡುತ್ತೇನೆ" ಅನ್ನುವ ಒಂದು ಸಾಲು ನಿಮ್ಮ ಸಿಜಿಪಿಎಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಮಾಡಲು ಬರದಿದ್ದರೆ ಬರೆಯಬೇಡಿ, ಖಂಡಿತ ಕೇಳುತ್ತಾರೆ.

ಒಪ್ಪಿಗೆಯಾದರೆ ವಿಡಿಯೋ ಕಾಲ್‌ಗೆ ಕರೆಯುತ್ತಾರೆ. ಇದು ಇಂಟರ್‌ವ್ಯೂ ಥರ ಇರುವುದಿಲ್ಲ, ಹರಟೆ ಥರ ಇರುತ್ತದೆ. ಕ್ಲೀನಿಂಗ್ ಪಾಳಿ ಹೇಗೆ, ಪಾತ್ರೆ ಹಂಚಿಕೊಳ್ಳುತ್ತಾರಾ, ನೆಂಟರು ಉಳಿಯಬಹುದಾ ಅಂತ ನೀವೂ ಕೇಳಿ. ಕೊನೆಗೆ ಮುಖ್ಯ ಪ್ರಶ್ನೆ: "ಇಲ್ಲಿ ಆನ್‌ಮೆಲ್ಡುಂಗ್ ಮಾಡಿಸಬಹುದಾ?" ಆನ್‌ಮೆಲ್ಡುಂಗ್ ಅಂದರೆ ಆ ವಿಳಾಸ ನೋಂದಣಿ. ಇಲ್ಲ ಅಂದರೆ ಬಾಡಿಗೆ ಎಷ್ಟೇ ಕಡಿಮೆಯಿರಲಿ, ಅದು ತಾತ್ಕಾಲಿಕಕ್ಕೆ ಮಾತ್ರ.

ದೂರದಿಂದ ಹುಡುಕುವವರಿಗೆ ನನ್ನ ಸಲಹೆ ತ್ಸ್ವಿಷನ್‌ಮೀಟೆ. ಯಾರೋ ಇಂಟರ್ನ್‌ಷಿಪ್‌ಗೆಂದು ಬೇರೆ ಊರಿಗೆ ಹೋಗಿರುತ್ತಾರೆ, ಅವರ ರೂಮನ್ನು ಎರಡು ಮೂರು ತಿಂಗಳಿಗೆ ನಿಮಗೆ ಕೊಡುತ್ತಾರೆ. ಪೈಪೋಟಿ ಕಡಿಮೆ, ಪೀಠೋಪಕರಣ ಇರುತ್ತದೆ. ಅಲ್ಲಿಂದ ಶುರು ಮಾಡಿ, ಊರಲ್ಲಿ ನಿಂತು ಶಾಶ್ವತ ರೂಮು ಹುಡುಕಿ. ಮನೆ ಮಾಲೀಕರ ಒಪ್ಪಿಗೆ ಇದೆಯಾ ಅಂತ ಮಾತ್ರ ಲಿಖಿತವಾಗಿ ಕೇಳಿಕೊಳ್ಳಿ.

ಷೂಫಾ ಅಂತ ಒಂದು ಕಾಗದ ಕೇಳುತ್ತಾರೆ. ಅದು ನಮ್ಮ ಸಿಬಿಲ್ ಸ್ಕೋರ್‌ನಂಥದ್ದು. ಹೊಸಬರಿಗೆ ಅದು ಎಲ್ಲಿಂದ ಬರಬೇಕು! ಅದರ ಬದಲು ಬ್ಲಾಕ್ಡ್ ಅಕೌಂಟ್‌ನ ದೃಢೀಕರಣ, ಅಡ್ಮಿಷನ್ ಪತ್ರ, ಸ್ಕಾಲರ್‌ಷಿಪ್ ಇದ್ದರೆ ಅದು, ಇವನ್ನೆಲ್ಲ ಒಂದೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಪ್ರತಿಯನ್ನು ಮೊದಲ ಮೆಸೇಜಿಗೇ ಲಗತ್ತಿಸಬೇಡಿ.

4. ಮೋಸ ಗುರುತಿಸುವುದು

ವರ್ಷ ವರ್ಷ ಅದೇ ಕಥೆ, ಹೆಸರು ಮಾತ್ರ ಬೇರೆ. ಊರ ನಡುವೆ ಚೆಂದದ ಫ್ಲ್ಯಾಟ್, ಬಾಡಿಗೆ 350 ಯೂರೋ. ಮಾಲೀಕರು "ಕೆಲಸದ ಮೇಲೆ ಲಂಡನ್‌ನಲ್ಲಿದ್ದೇನೆ" ಅನ್ನುತ್ತಾರೆ. ಮೇಲ್ ಉದ್ದವಾಗಿ, ತುಂಬಾ ಮರ್ಯಾದೆಯಿಂದ ಇರುತ್ತದೆ. ಮಗಳು, ನಾಯಿ, ದೇವರು ಎಲ್ಲ ಬಂದುಹೋಗುತ್ತಾರೆ. ನಂಬಿಕೆ ಬರಲೆಂದು ಯಾರದೋ ಪಾಸ್‌ಪೋರ್ಟ್ ಪ್ರತಿ ಕಳಿಸುತ್ತಾರೆ. ಆಮೇಲೆ ಹೆಸರಾಂತ ಬಾಡಿಗೆ ಸೈಟೊಂದರ ಥರವೇ ಕಾಣುವ ಲಿಂಕ್ ಬರುತ್ತದೆ: "ಇದರಲ್ಲಿ ಅಡ್ವಾನ್ಸು ಕಟ್ಟಿ, ಕೀಲಿಯನ್ನು ಕೊರಿಯರ್‌ನಲ್ಲಿ ಕಳಿಸುತ್ತೇವೆ." ಕೀಲಿ ಯಾವತ್ತೂ ಬರುವುದಿಲ್ಲ.

ನಿಯಮ ಇಷ್ಟೇ. ಲೈವ್ ವಿಡಿಯೋದಲ್ಲಿ ಮನೆ ತೋರಿಸದವರಿಗೆ ದುಡ್ಡು ಕಳಿಸಬೇಡಿ. ವಿಡಿಯೋದಲ್ಲಿ ಕಿಟಕಿ ತೆಗೆದು ಬೀದಿ ತೋರಿಸಿ ಅನ್ನಿ, ಅದನ್ನು ಮ್ಯಾಪ್‌ನ ಚಿತ್ರದ ಜೊತೆ ಹೋಲಿಸಿ. ಕರಾರು ಪತ್ರಕ್ಕೆ ಸಹಿ ಆಗುವ ಮೊದಲು ಒಂದು ಸೆಂಟೂ ಬೇಡ. ಸಹಿ ಮಾಡಿ ಕಳಿಸುವ ದುಡ್ಡೂ ಕರಾರಿನಲ್ಲಿರುವ ಹೆಸರಿನ ಬ್ಯಾಂಕ್ ಖಾತೆಗೇ ಹೋಗಬೇಕು. ವೆಸ್ಟರ್ನ್ ಯೂನಿಯನ್, ಗಿಫ್ಟ್ ಕಾರ್ಡ್, ಕ್ರಿಪ್ಟೋ ಅಂದ ತಕ್ಷಣ ಮಾತು ನಿಲ್ಲಿಸಿ.

"ನಮ್ಮೋರೇ" ಅಂದ ಮಾತ್ರಕ್ಕೂ ಕಣ್ಣು ಮುಚ್ಚಬೇಡಿ. ವಾಟ್ಸಾಪ್ ಗುಂಪಿನಲ್ಲಿ ಹೊಸಬರಿಗೆ ರೂಮು ಕೊಡಿಸುತ್ತೇನೆ ಅಂತ ಕಮಿಷನ್ ಕೇಳುವವರಿದ್ದಾರೆ. 2015ರಿಂದ ಜರ್ಮನಿಯ ಕಾನೂನಿನಲ್ಲಿ ಬಾಡಿಗೆ ಬ್ರೋಕರ್‌ನನ್ನು ನೇಮಿಸಿದವರೇ ಅವನ ಫೀಸು ಕೊಡಬೇಕು. ಮಾಲೀಕ ಕರೆಸಿದ ಬ್ರೋಕರ್‌ಗೆ ನೀವು ಕೊಡಬೇಕಾಗಿಲ್ಲ.

ದುಡ್ಡು ಕೊಟ್ಟರೆ ಬರೀ ವಿಳಾಸ ಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಅಲ್ಲಿ ವಾಸ ಮಾಡದೆ ನೋಂದಣಿ ಮಾಡಿಸುವುದು ಕಾನೂನುಬಾಹಿರ. ಹಾಗೆ ವಿಳಾಸ ಕೊಟ್ಟವರಿಗೆ 50,000 ಯೂರೋವರೆಗೂ ದಂಡ ಹಾಕಬಹುದು. ನಿಮ್ಮ ವೀಸಾವನ್ನು ಅಂಥದ್ದಕ್ಕೆ ಒತ್ತೆ ಇಡಬೇಡಿ.

5. ಕರಾರಿಗೆ ಸಹಿ ಹಾಕುವ ಮೊದಲು

ಅಡ್ವಾನ್ಸಿಗೆ ಇಲ್ಲಿ ಕೌಟ್ಸಿಯೋನ್ ಅನ್ನುತ್ತಾರೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸು ಕಂಡವರಿಗೆ ಇದು ಸಂತೋಷದ ಸುದ್ದಿ: ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳುವಂತಿಲ್ಲ. ಅದನ್ನೂ ಮೂರು ಸಮ ಕಂತುಗಳಲ್ಲಿ ಕಟ್ಟುವ ಹಕ್ಕು ನಿಮಗಿದೆ. ಮೊದಲ ಕಂತು ಬಾಡಿಗೆ ಶುರುವಾದಾಗ, ಉಳಿದೆರಡು ಮುಂದಿನ ಬಾಡಿಗೆಗಳ ಜೊತೆ.

ಮುಖ್ಯವಾಗಿ ನೋಡಬೇಕಾದದ್ದು ಬಿಡುವ ನಿಯಮ. ಅವಧಿ ಹಾಕದ ಮಾಮೂಲಿ ಕರಾರಿಗೆ ಮೂರು ತಿಂಗಳ ನೋಟಿಸ್ ಸಾಕು. ಅವಧಿ ನಿಗದಿ ಮಾಡಿದ ಕರಾರನ್ನು ಸಾಮಾನ್ಯವಾಗಿ ನಡುವೆ ಬಿಡಲು ಬರುವುದಿಲ್ಲ, ಇಂಟರ್ನ್‌ಷಿಪ್ ಬೇರೆ ಊರಲ್ಲಿ ಸಿಕ್ಕಿದರೂ ಬಾಡಿಗೆ ಕಟ್ಟುತ್ತಲೇ ಇರಬೇಕು. ಇನ್ನು ಕೆಲವು ಕರಾರುಗಳಲ್ಲಿ "ಮೊದಲ ಇಷ್ಟು ವರ್ಷ ನೋಟಿಸ್ ಕೊಡುವಂತಿಲ್ಲ" ಅನ್ನುವ ಸಾಲು ಕೊನೆಯಲ್ಲೆಲ್ಲೋ ಅಡಗಿರುತ್ತದೆ. ಅದನ್ನು ಹುಡುಕಿ ಓದಿ. ಪ್ರತಿ ಪುಟವನ್ನೂ ಫೋನಿನಲ್ಲಿ ಅನುವಾದ ಮಾಡಿಸಿಕೊಳ್ಳುವುದು ಒಂದು ಗಂಟೆ ಕೆಲಸ, ಬಿಡಬೇಡಿ.

6. ಬಂದಿಳಿಯುವ ದಿನ

ವಾರದ ನಡುವೆ, ಬೆಳಗ್ಗೆ ತಲುಪುವ ಹಾಗೆ ಟಿಕೆಟ್ ಮಾಡಿ. ಹಾಸ್ಟೆಲ್‌ನ ಕೀಲಿ ಕೊಡುವವರು ಹೌಸ್‌ಮೈಸ್ಟರ್, ಅಂದರೆ ಕಟ್ಟಡ ನೋಡಿಕೊಳ್ಳುವವರು. ಅವರು ಸಿಗುವುದು ಕೆಲಸದ ದಿನಗಳಲ್ಲಿ, ನಿಗದಿತ ಗಂಟೆಗಳಲ್ಲಿ ಮಾತ್ರ. ಶುಕ್ರವಾರ ಸಂಜೆ ಎರಡು ಸೂಟ್‌ಕೇಸ್ ಎಳೆದುಕೊಂಡು ಬಂದರೆ ಸೋಮವಾರದವರೆಗೆ ಹೊರಗೇ. ಮೊದಲೇ ಮೇಲ್ ಮಾಡಿ ಹೊತ್ತು ಗೊತ್ತು ಮಾಡಿಕೊಳ್ಳಿ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗಳೇ ಗತಿ.

ಕೀಲಿ ತೆಗೆದುಕೊಳ್ಳುವಾಗ ಯೂಬರ್‌ಗಾಬೆ-ಪ್ರೊಟೊಕೋಲ್ ಬರೆಯುತ್ತಾರೆ. ರೂಮಿನಲ್ಲಿ ಏನೇನು ಇದೆ, ಎಲ್ಲೆಲ್ಲಿ ಗೀರು ಬಿದ್ದಿದೆ ಅನ್ನುವ ಪಟ್ಟಿ ಅದು. ಪ್ರಯಾಣದ ಸುಸ್ತಿನಲ್ಲಿ ಸುಮ್ನೆ ಸಹಿ ಹಾಕಿಬಿಡಬೇಡಿ. ಹಾಸಿಗೆ ಎತ್ತಿ ನೋಡಿ, ಕಿಟಕಿ ಮೂಲೆಯ ಕಪ್ಪು ಕಲೆ, ಒಲೆಯ ಗಾಜಿನ ಬಿರುಕು, ನೆಲದ ಗೀರು ಎಲ್ಲ ಬರೆಸಿ. ಫೋಟೋ ತೆಗೆದು ಅವತ್ತೇ ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ. ಬಿಡುವಾಗ ಅಡ್ವಾನ್ಸು ಹಿಡಿದರೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ.

7. ನೋಂದಣಿ, ಮತ್ತು ಬಾಗಿಲ ಮೇಲಿನ ಹೆಸರು

ಮನೆಗೆ ಬಂದು ಎರಡು ವಾರದೊಳಗೆ ಆನ್‌ಮೆಲ್ಡುಂಗ್ ಮಾಡಿಸಬೇಕು. ಬೇಕಾಗುವುದು ಪಾಸ್‌ಪೋರ್ಟ್, ಅರ್ಜಿ, ಮತ್ತು ವೋನುಂಗ್ಸ್‌ಗೇಬರ್-ಬೆಸ್ಟೇಟಿಗುಂಗ್. ಹೆಸರಿಗೆ ಹೆದರಬೇಡಿ, "ಇವರು ನಮ್ಮ ಮನೆಗೆ ಬಂದಿದ್ದಾರೆ" ಅಂತ ಮನೆ ಕೊಟ್ಟವರು ಸಹಿ ಮಾಡುವ ಒಂದು ಹಾಳೆ ಅಷ್ಟೇ. ಬಾಡಿಗೆ ಕರಾರು ತೋರಿಸಿದರೆ ಸಾಲದು, ಈ ಹಾಳೆಯೇ ಬೇಕು. ನೀವು ಒಬ್ಬ ಬಾಡಿಗೆದಾರನಿಂದ ರೂಮು ಪಡೆದಿದ್ದರೆ ಅವರೇ ಸಹಿ ಮಾಡಬಹುದು. ದೊಡ್ಡ ಊರುಗಳಲ್ಲಿ ಎರಡು ವಾರದೊಳಗೆ ಅಪಾಯಿಂಟ್‌ಮೆಂಟೇ ಸಿಗುವುದಿಲ್ಲ. ಸಿಕ್ಕ ಮೊದಲ ದಿನಕ್ಕೆ ಬುಕ್ ಮಾಡಿ, ಬುಕ್ ಮಾಡಿದ ಮೇಲ್ ಇಟ್ಟುಕೊಳ್ಳಿ. ಬೆಳಗ್ಗೆ ಬೇಗ ಸೈಟ್ ತೆರೆದರೆ ರದ್ದಾದ ಜಾಗ ಸಿಗುವುದುಂಟು.

ಇನ್ನು ಅಂಚೆ ಪೆಟ್ಟಿಗೆ. ಇಲ್ಲಿ ವಿಳಾಸದಲ್ಲಿ ಫ್ಲ್ಯಾಟ್ ನಂಬರ್ ಬರೆಯುವ ರೂಢಿ ಕಡಿಮೆ. ಪೋಸ್ಟ್‌ಮ್ಯಾನ್ ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಬ್ಯಾಂಕ್ ಕಾರ್ಡು, ತೆರಿಗೆ ನಂಬರ್, ಇನ್ಶೂರೆನ್ಸ್ ಕಾರ್ಡು ಎಲ್ಲವೂ ವಾಪಸ್. ಮೊದಲ ದಿನವೇ ಒಂದು ಚೀಟಿ ಅಂಟಿಸಿ. ನಮ್ಮವರ ಹೆಸರಿನ ಕಥೆ ಗೊತ್ತಲ್ವಾ: ಕಾಲೇಜಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು, ಕೆಲವರಿಗೆ ಊರಿನ ಹೆಸರು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಅಂತ ಏನಿದೆಯೋ ಅದೇ ಪೆಟ್ಟಿಗೆ ಮೇಲೂ ಇರಲಿ. ಅಲ್ಲಿ ಖಾಲಿ ಇದ್ದರೆ ಪೂರ್ತಿ ಹೆಸರು ಬರೆಯಿರಿ.

ನೋಂದಣಿಯಾದ ಕೆಲವೇ ವಾರಕ್ಕೆ ರುಂಡ್‌ಫುಂಕ್‌ಬೈಟ್ರಾಗ್ ಕಾಗದ ಬರುತ್ತದೆ. ಇದು ಸಾರ್ವಜನಿಕ ಟಿವಿ, ರೇಡಿಯೋ ಶುಲ್ಕ, ತಿಂಗಳಿಗೆ 18.36 ಯೂರೋ. "ನನ್ನ ಹತ್ತಿರ ಟಿವಿನೇ ಇಲ್ಲ" ಅಂತ ಮೂಲೆಗೆ ಎಸೆಯಬೇಡಿ, ಬಾಕಿ ಬೆಳೆಯುತ್ತಾ ಹೋಗುತ್ತದೆ. ಇದು ಮನೆಗೊಂದು. ವೇಗೇಯಲ್ಲಿ ಒಬ್ಬರು ಕಟ್ಟುತ್ತಿದ್ದರೆ ಅವರ ಶುಲ್ಕದ ನಂಬರ್ ಬರೆದು ಕಳಿಸಿ, ದುಡ್ಡು ಹಂಚಿಕೊಳ್ಳಿ.

8. ದಿನನಿತ್ಯದ ಸಾಹಸಗಳು

ಬಾಗಿಲು: ಇಲ್ಲಿನ ಬಾಗಿಲು ಎಳೆದರೆ ತಾನೇ ಲಾಕ್ ಆಗುತ್ತದೆ, ಹೊರಗಿನಿಂದ ತೆಗೆಯಲು ಹಿಡಿಕೆ ತಿರುಗುವುದಿಲ್ಲ. ಕಸ ಹಾಕಲು ಚಪ್ಪಲಿಯಲ್ಲಿ ಹೋದವರು ಮೆಟ್ಟಿಲ ಮೇಲೆ ಕೂತಿರುವ ದೃಶ್ಯ ಮಾಮೂಲು. ಬೀಗ ತೆಗೆಯುವವರು ಭಾನುವಾರ ರಾತ್ರಿ ಬಾಯಿಗೆ ಬಂದ ರೇಟು ಹೇಳುತ್ತಾರೆ. ಫೋನಿನಲ್ಲೇ ಪೂರ್ತಿ ಮೊತ್ತ ಮಾತಾಡಿ ಕರೆಸಿ. ಕೀಲಿ ಕಳೆದರೆ ಇನ್ನೂ ದುಬಾರಿ, ಇಡೀ ಕಟ್ಟಡದ ಬೀಗ ಬದಲಿಸಿ ಬಿಲ್ ನಿಮಗೆ ಕೊಡಬಹುದು. ಹಾಫ್ಟ್‌ಫ್ಲಿಖ್ಟ್ ಅನ್ನುವ ವಿಮೆ (ನಿಮ್ಮಿಂದ ಬೇರೆಯವರಿಗೆ ಆದ ನಷ್ಟ ತುಂಬುವುದು) ಮಾಡಿಸಿ. ಅದರಲ್ಲಿ ಕೀಲಿ ಕಳೆದದ್ದೂ ಸೇರಿರಲಿ.

ಅಡುಗೆ: ಒಲೆ ಚಪ್ಪಟೆ ಗಾಜಿನದು. ದುಂಡು ತಳದ ಬಾಣಲೆ ಅದರ ಮೇಲೆ ನಿಲ್ಲುವುದಿಲ್ಲ, ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರ್ ಕೆಲಸ ಮಾಡುವುದಿಲ್ಲ. ಚಪ್ಪಟೆ ತಳದ ಸ್ಟೀಲ್ ಕುಕ್ಕರ್ ತನ್ನಿ. ಕುಕ್ಕರ್ ಕೂಗಿದಾಗ ರೂಮ್‌ಮೇಟ್ ಓಡಿ ಬಂದರೆ ಗಾಬರಿಯಾಗಬೇಡಿ, ಮೊದಲೇ ಹೇಳಿಡಿ. ಒಣಮೆಣಸಿನಕಾಯಿ ಒಗ್ಗರಣೆ ಮಾತ್ರ ಅಪಾಯದ ಕೆಲಸ. ಹಾಸ್ಟೆಲ್‌ನ ಹೊಗೆ ಅಲಾರಾಂ ನೇರ ಅಗ್ನಿಶಾಮಕ ದಳಕ್ಕೆ ಜೋಡಿಸಿದ್ದರೆ, ಸಾರಿನ ಘಾಟಿಗೆ ಗಾಡಿಯೇ ಬಂದೀತು, ಖರ್ಚು ನಿಮ್ಮ ತಲೆಗೆ ಕಟ್ಟಿಯಾರು. ಕಿಟಕಿ ತೆಗೆದು, ಅಡುಗೆಮನೆ ಬಾಗಿಲು ಮುಚ್ಚಿ ಒಗ್ಗರಿಸಿ. ಕಾರಿಡಾರ್ ಕಡೆಯ ಬಾಗಿಲು ತೆಗೆದು ಹೊಗೆ ಬಿಡಲು ಹೋಗಬೇಡಿ, ಅಲಾರಾಂ ಇರುವುದೇ ಅಲ್ಲಿ.

ಚಳಿಗಾಲ: ಹೀಟರಿನ ಗುಂಡಿಯಲ್ಲಿ 3 ಅಂದರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗುವುದಿಲ್ಲ, ಜಾಸ್ತಿ ಬಿಸಿಯಾಗುತ್ತದೆ ಅಷ್ಟೇ. ವಾರ್ಮ್‌ಮೀಟೆಯಲ್ಲಿ ಸೇರಿದ್ದು ಅಂದಾಜು ಮೊತ್ತವಾದರೆ ವರ್ಷದ ಕೊನೆಗೆ ಲೆಕ್ಕ ಹಾಕಿ ಬಾಕಿ ಕೇಳುತ್ತಾರೆ. ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆಗೆದು ಐದು ಹತ್ತು ನಿಮಿಷ ಗಾಳಿ ಬಿಡಿ, ಹೀಟರ್ ಆರಿಸಿ. ಅನ್ನದ ಹಬೆ, ರೂಮಿನಲ್ಲೇ ಒಣಗುವ ಬಟ್ಟೆ, ಮುಚ್ಚಿದ ಕಿಟಕಿ ಮೂರೂ ಸೇರಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಅದರ ಜಗಳ ಅಡ್ವಾನ್ಸಿನಲ್ಲಿ ಮುಗಿಯುತ್ತದೆ.

ಸದ್ದು ಮತ್ತು ಕಸ: ರಾತ್ರಿ 10ರಿಂದ ಬೆಳಗ್ಗೆ 6, ಮತ್ತು ಭಾನುವಾರ ಇಡೀ ದಿನ ಗದ್ದಲ ಬೇಡ. ಡ್ರಿಲ್ಲಿಂಗ್ ಬೇಡ, ಗಾಜಿನ ಬಾಟಲಿಯನ್ನು ಬೀದಿ ಡಬ್ಬಿಗೆ ಹಾಕುವುದೂ ಬೇಡ. ಕಸವನ್ನು ಪೇಪರ್, ಪ್ಯಾಕಿಂಗ್, ಹಸಿ, ಉಳಿದದ್ದು ಅಂತ ಬೇರೆ ಮಾಡಬೇಕು. ಡಬ್ಬಿಯ ಬಣ್ಣ ಊರಿಂದ ಊರಿಗೆ ಸ್ವಲ್ಪ ಬದಲಾಗುತ್ತದೆ. ನೀರಿನ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ಸೂಪರ್‌ಮಾರ್ಕೆಟ್ ಮೆಷಿನ್‌ಗೆ ಹಾಕಿದರೆ 25 ಸೆಂಟ್ ವಾಪಸ್.

ಇಂಟರ್‌ನೆಟ್: ಹೊಸ ಕನ್ನಡ ಸಿನಿಮಾ ಅಂತ ಟೊರೆಂಟ್ ಹಾಕಬೇಡಿ. ವಕೀಲರಿಂದ ನೂರಾರು ಯೂರೋ ಕೇಳುವ ಕಾಗದ ಬರುತ್ತದೆ, ಅದೂ ವೈಫೈ ಯಾರ ಹೆಸರಲ್ಲಿದೆಯೋ ಅವರಿಗೆ. ಬಂದೇ ಬಿಟ್ಟರೆ ಅದರಲ್ಲಿರುವ ಕಾಗದಕ್ಕೆ ತಕ್ಷಣ ಸಹಿ ಹಾಕದೆ ಸಲಹೆ ಕೇಳಿ. ಯೂನಿವರ್ಸಿಟಿಯ ವಿದ್ಯಾರ್ಥಿ ಸಂಘದಲ್ಲಿ ಬಹಳ ಕಡೆ ಉಚಿತ ಕಾನೂನು ಸಲಹೆ ಇದೆ. ಬಾಡಿಗೆ ಜಗಳಕ್ಕೆ ಮೀಟರ್‌ಫೆರೈನ್ ಅನ್ನುವ ಬಾಡಿಗೆದಾರರ ಸಂಘ ಸೇರಬಹುದು, ವರ್ಷಕ್ಕೊಂದು ಚಂದಾ. ಮ್ಯೂನಿಕ್, ಫ್ರಾಂಕ್‌ಫರ್ಟ್ ಕಡೆ ಕನ್ನಡಿಗರ ಸಂಘಗಳೂ ಇವೆ. ಅವರು ರೂಮು ಹುಡುಕಿಕೊಡುವ ಏಜೆನ್ಸಿ ಅಲ್ಲ, ಆದರೆ ಕಾಗದ ಓದಿ ಹೇಳುವವರು ಅಲ್ಲಿ ಸಿಗುತ್ತಾರೆ.

9. ಬಿಡುವಾಗ

ನೋಟಿಸ್ ಅನ್ನು ಕಾಗದದ ಮೇಲೆ ಬರೆದು, ಪೆನ್ನಿನಲ್ಲಿ ಸಹಿ ಹಾಕಿ ಕಳಿಸಬೇಕು. ಮೇಲ್, ವಾಟ್ಸಾಪ್ ನಡೆಯುವುದಿಲ್ಲ. ತಿಂಗಳ ಮೂರನೇ ಕೆಲಸದ ದಿನದೊಳಗೆ ಅದು ಮಾಲೀಕರ ಕೈ ಸೇರಿದರೆ ಆ ತಿಂಗಳೂ ನೋಟಿಸ್ ಲೆಕ್ಕಕ್ಕೆ ಬರುತ್ತದೆ. ಒಂದು ದಿನ ತಡವಾದರೆ ಒಂದು ತಿಂಗಳ ಬಾಡಿಗೆ ಜಾಸ್ತಿ. ರಿಜಿಸ್ಟರ್ಡ್ ಪೋಸ್ಟ್ ಮಾಡಿ, ಅಥವಾ ಕೈಗೇ ಕೊಟ್ಟು ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಹಾಸ್ಟೆಲ್‌ಗಳಿಗೆ ಅವರದೇ ನಿಯಮ, ಕರಾರು ನೋಡಿ.

ಗೋಡೆಯ ಮೊಳೆ ತೂತು ಮುಚ್ಚಿ, ಓವನ್ ತಿಕ್ಕಿ, ಮತ್ತೆ ಫೋಟೋ ತೆಗೆಯಿರಿ. ಅಡ್ವಾನ್ಸು ಅವತ್ತೇ ವಾಪಸ್ ಬರುವುದಿಲ್ಲ, ಕೆಲವು ತಿಂಗಳು ಹಿಡಿಯುತ್ತದೆ. ಹೀಟಿಂಗ್ ಲೆಕ್ಕ ಬಾಕಿಯಿದ್ದರೆ ಅದಕ್ಕೆಂದು ಸ್ವಲ್ಪ ದುಡ್ಡು ಇನ್ನೂ ಹಿಡಿದಿಟ್ಟುಕೊಳ್ಳಬಹುದು. ಹಾಗಾಗಿ ಊರಿಗೆ ವಾಪಸ್ ಹೋಗುವವರು ಜರ್ಮನ್ ಬ್ಯಾಂಕ್ ಖಾತೆಯನ್ನು ವಿಮಾನ ಹತ್ತುವ ಮೊದಲು ಮುಚ್ಚಬೇಡಿ. ವಿಳಾಸದ ನೋಂದಣಿಯನ್ನು ಮಾತ್ರ ರದ್ದು ಮಾಡಿಸಿಯೇ ಹೊರಡಿ, ಆ ರಸೀದಿ ತೋರಿಸಿದರೆ ಟಿವಿ ಶುಲ್ಕವೂ ನಿಲ್ಲುತ್ತದೆ.